ಮಾತ್ರೆ ನುಂಗುವ ಮೊದಲು ಗುದ್ದಲಿಯ ಕಾವು ಅಳೆಯಿರಿ

ನಮ್ಮದು ಪಾವಗಡ ಸೀಮೆ. ಏಳು ಎಕರೆ ಖುಷ್ಕಿ. ಮಳೆ ಬಂದರೆ ಕಡಲೆಕಾಯಿ, ನಡುವೆ ತೊಗರಿ ಸಾಲು. ಮಳೆ ತಡವಾದರೆ ಹುರುಳಿ. ಒಂದು ಜೊತೆ ಎತ್ತು, ಎರಡು ಹಸು, ಬದುವಿನಲ್ಲಿ ನಾಲ್ಕು ಹುಣಸೆ ಮರ. ನನಗೀಗ ಐವತ್ತಾರು ವರ್ಷ. ಓದಿದ್ದು ಏಳನೇ ಕ್ಲಾಸು. ಹಾಗಾಗಿ ಇದನ್ನು ಡಾಕ್ಟರ ಲೇಖನ ಅಂತ ಯಾರೂ ಓದಬೇಡಿ. ಸೊಂಟ ಹಿಡಿದು, ದುಡ್ಡು ಕಳೆದು, ಕೊನೆಗೆ ಬುದ್ಧಿ ಬಂದವನ ಅನುಭವ ಇದು.

ಎತ್ತಿನ ಹೆಗಲು ಬಾತರೆ ನಾವು ಮೊದಲು ನೋಡುವುದು ನೊಗವನ್ನು. ಎಲ್ಲಿ ಉಜ್ಜುತ್ತೆ, ಯಾವ ಕಡೆ ಭಾರ ಜಾಸ್ತಿ ಅಂತ ನೋಡಿ ಕೆತ್ತಿ ಸರಿ ಮಾಡ್ತೀವಿ. ಆಮೇಲೆ ಎಣ್ಣೆ, ಅರಿಶಿನ. ನಮ್ಮದೇ ಹೆಗಲು, ಸೊಂಟ, ಮಂಡಿ ನೊಂದರೆ ಮಾತ್ರ ನೊಗ ನೋಡುವುದಿಲ್ಲ. ನೇರ ಮಾತ್ರೆಗೆ ಕೈ ಹಾಕ್ತೀವಿ.

ಚೀಲ ಎತ್ತಿದ ದಿನ

2016ರ ಜುಲೈ ತಿಂಗಳು. ಒಳ್ಳೆ ಹದ ಆಗಿತ್ತು. ಬಿತ್ತನೆಗೆ ಡಿಎಪಿ ತಂದಿದ್ದೆ. ಗಾಡಿಯಲ್ಲಿದ್ದ 50 ಕಿಲೋ ಚೀಲವನ್ನು ಬಗ್ಗಿ ಎಳೆದು, ಎತ್ತುತ್ತಲೇ ಮೈ ತಿರುಗಿಸಿ ಜಗಲಿ ಮೇಲೆ ಹಾಕಲು ಹೋದೆ. ಸೊಂಟದಲ್ಲಿ ಚಳುಕು ಹೊಡೆಯಿತು. ಚೀಲ ಅಲ್ಲೇ ಬಿತ್ತು, ನಾನೂ ಅಲ್ಲೇ ಕೂತೆ.

ಊರವರು ಹೇಳಿದ್ದು ಒಂದೇ ಮಾತು, 'ಅಲ್ಲಾಡದೆ ಮಲಗು'. ಹದಿನೆಂಟು ದಿನ ಮಲಗಿದೆ. ಬಿತ್ತನೆಯನ್ನು ಹೆಂಡತಿ ಮತ್ತು ಬಾಮೈದ ಮುಯ್ಯಾಳು ಕಟ್ಟಿಕೊಂಡು ಮುಗಿಸಿದರು. ಈ ಮಧ್ಯೆ ಉಳುಕು ತೆಗೆಸಿದ್ದಾಯಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತೆ ಅಂತ ನಮ್ಮ ಕಡೆ ನಂಬಿಕೆ. ಅಂಥವರೊಬ್ಬರನ್ನು ಹುಡುಕಿ ಒದೆಸಿಕೊಂಡಿದ್ದೂ ಆಯಿತು. ಎದ್ದಾಗ ನೋವು ಹಾಗೇ ಇತ್ತು, ಜೊತೆಗೆ ತೊಡೆಯ ಬಲವೂ ಹೋಗಿತ್ತು.

ಕಳೆ ತೆಗೆಯುವ ಕಾಲ. ಸುಮ್ಮನೆ ಕೂರಲು ಆಗುತ್ತದೆಯೇ? ಔಷಧಿ ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ತಂದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ನುಂಗಿದ ದಿನ ಆರಾಮ, ಬಿಟ್ಟ ದಿನ ಅದೇ ನೋವು. ಹೀಗೆ ಎರಡೂವರೆ ತಿಂಗಳು ಕಳೆಯಿತು. ಕಡಲೆಕಾಯಿ ಕೀಳುವ ಹೊತ್ತಿಗೆ ಹೊಟ್ಟೆ ಉರಿ, ಸುಸ್ತು. ಒಂದು ದಿನ ಮಲ ಟಾರಿನ ಹಾಗೆ ಕಪ್ಪಗೆ ಹೋಯಿತು. ಮಾರನೇ ದಿನ ಹೊಲದಲ್ಲೇ ತಲೆ ಸುತ್ತಿ ಬಿದ್ದೆ. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಹಾಕಿದರು. ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರುತ್ತಿತ್ತು. ಆ ವರ್ಷದ ಕಡಲೆಕಾಯಿ ದುಡ್ಡು ಅಲ್ಲಿಗೇ ಸಲ್ಲಿತು.

ಹುಷಾರಾದ ಮೇಲೆ ಅದೇ ಆಸ್ಪತ್ರೆಯ ವ್ಯಾಯಾಮ ಹೇಳಿಕೊಡುವ ಮೇಡಂ ಹತ್ತಿರ ಕಳಿಸಿದರು. ಅವರು ಮೊದಲು ಮಾಡಿದ್ದೇನು ಗೊತ್ತೇ? ನನ್ನ ಕೈಗೆ ಪೊರಕೆ ಕೊಟ್ಟು, 'ಇದನ್ನೇ ಗುದ್ದಲಿ ಅಂದ್ಕೊಳ್ಳಿ. ನೀವು ಹೊಲದಲ್ಲಿ ಹೆಂಗೆ ಅಗೀತೀರಿ ತೋರಿಸಿ' ಅಂದರು. ತೋರಿಸಿದೆ. 'ದಿನಕ್ಕೆ ಎಷ್ಟು ಗಂಟೆ ಹೀಗೆ ಬಗ್ಗಿರ್ತೀರಿ?' ಅಂತ ಕೇಳಿದರು. ಅಲ್ಲಿಯವರೆಗೆ ನಾನು ಆ ಲೆಕ್ಕ ಹಾಕಿರಲೇ ಇಲ್ಲ.

ಸೊಂಟದ ಲೆಕ್ಕ: ತಿರುಗಿಸಿದ ಹಾರೆ

ಬಗ್ಗಿದರೆ ನೋವು ಯಾಕೆ ಅನ್ನುವುದನ್ನು ಅವರು ಹೇಳಿಕೊಟ್ಟಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ.

ಬಂಡೆ ಮೀಟುವಾಗ ಹಾರೆಯ ಉದ್ದ ಭಾಗ ನಮ್ಮ ಕೈಯಲ್ಲಿ, ಗಿಡ್ಡ ಭಾಗ ಬಂಡೆಯ ಕೆಳಗೆ. ಅದಕ್ಕೇ ಕಡಿಮೆ ಬಲಕ್ಕೆ ದೊಡ್ಡ ಬಂಡೆ ಏಳುತ್ತದೆ. ನಮ್ಮ ಸೊಂಟದಲ್ಲಿ ಹಾರೆ ತಿರುಗುಮುರುಗು. ಬೆನ್ನೆಲುಬಿನ ಹಿಂದೆ ಇರುವ ಸ್ನಾಯು ಎಳೆಯುವುದು ಬರೀ ಮೂರು ಬೆರಳಗಲ ದೂರದಿಂದ. ಕೈ ಚಾಚಿ ಹಿಡಿದ ಭಾರ ಮಾತ್ರ ಒಂದು ಮೊಳ ಮುಂದೆ. ಗಿಡ್ಡ ಭಾಗ ನಮ್ಮದು, ಉದ್ದ ಭಾಗ ಭಾರದ್ದು. ಮೊಳ ದೂರದಲ್ಲಿ ಹಿಡಿದ 20 ಕಿಲೋಗೆ ಸೊಂಟದ ಸ್ನಾಯು ಸುಮಾರು ಒಂಬತ್ತು ಪಟ್ಟು, ಅಂದರೆ 180 ಕಿಲೋ ಎಳೆಯಬೇಕು. ಅದೇ ಭಾರವನ್ನು ಹೊಟ್ಟೆಗೆ ಆನಿಸಿ, ಅರ್ಧ ಮೊಳಕ್ಕೆ ತಂದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಭಾರ ಕಡಿಮೆ ಆಗಲಿಲ್ಲ, ದೂರ ಕಡಿಮೆ ಆಯಿತು ಅಷ್ಟೆ.

ಕೈಯಲ್ಲಿ ಏನೂ ಇಲ್ಲದೆ ಬಗ್ಗಿ ನಿಂತರೂ ನಮ್ಮ ತಲೆ, ಎದೆ, ತೋಳುಗಳ ಭಾರವೇ ಆ ಹಾರೆಯ ತುದಿಯಲ್ಲಿರುತ್ತದೆ. ಕಳೆ ಕೀಳುವವರು ಇಡೀ ದಿನ ಇದನ್ನು ಹೊರುತ್ತಾರೆ. ಬಗ್ಗುವುದರ ಜೊತೆ ಮೈ ತಿರುಗಿಸಿದರೆ ಇನ್ನೂ ಅಪಾಯ. ನಾನು ಚೀಲ ಎತ್ತಿದಾಗ ಮಾಡಿದ್ದು ಈ ಎರಡನ್ನೂ.

ಮನೆಯಾಕೆ ಕೇಳಿದ ಪ್ರಶ್ನೆ

ಮನೆಗೆ ಬಂದವನೇ ದಿಂಡಿಗದ ಕಟ್ಟಿಗೆ ತಂದು ಗುದ್ದಲಿಗೆ ಹೊಸ ಕಾವು ಹಾಕಿಸಿದೆ. ಹಳೆಯದು ಎರಡು ಮೊಳಕ್ಕೂ ಗಿಡ್ಡ ಇತ್ತು. ಹೊಸದು ನಿಂತಾಗ ನನ್ನ ಕಂಕುಳ ಮಟ್ಟ. ಕಮ್ಮಾರರಿಗೆ ಹೇಳಿ ಅಲಗಿನ ಕೋನವನ್ನೂ ಸ್ವಲ್ಪ ಬಿಚ್ಚಿಸಿದೆ. ಕಾವು ಉದ್ದ ಮಾಡಿ ಕೋನ ಹಾಗೇ ಬಿಟ್ಟರೆ ಅಲಗು ಮಣ್ಣಿಗೆ ಸರಿಯಾಗಿ ಕಚ್ಚುವುದಿಲ್ಲ. ಇದನ್ನು ಗಮನಿಸಿ.

ನಾನು ನೆಟ್ಟಗೆ ನಿಂತು ಕೆಲಸ ಮಾಡುವುದನ್ನು ಮನೆಯಾಕೆ ಎರಡು ದಿನ ನೋಡಿದಳು. ಮೂರನೇ ದಿನ ಕೇಳಿದಳು: 'ನಿಮ್ದು ಉದ್ದ ಆಯ್ತು. ನನ್ನ ಕುಡ್ಲು ಗೇಣುದ್ದನೇ ಐತಲ್ಲ?'

ನನಗೆ ಉತ್ತರ ಬರಲಿಲ್ಲ. ಯೋಚನೆ ಮಾಡಿ ನೋಡಿ. ಉಳುವುದು, ಕುಂಟೆ ಹೊಡೆಯುವುದು, ಕೂರಿಗೆ ಹಿಡಿಯುವುದು, ಇವೆಲ್ಲ ಹೆಚ್ಚು ಕಡಿಮೆ ನಿಂತು ಮಾಡುವ ಕೆಲಸ. ಗಂಡಸರದ್ದು. ಕಳೆ ತೆಗೆಯುವುದು, ಕೊಯ್ಯುವುದು, ಕಡಲೆಕಾಯಿ ಗಿಡ ಕೀಳುವುದು, ಕಾಯಿ ಬಿಡಿಸುವುದು ಬಗ್ಗಿ ಅಥವಾ ಕುಕ್ಕರಗಾಲಲ್ಲಿ ಮಾಡುವ ಕೆಲಸ. ಹೆಂಗಸರದ್ದು. ಮನೆಗೆ ಬಂದರೆ ಕಸ ಗುಡಿಸುವುದು, ಸಗಣಿ ಬಾಚುವುದು, ಪಾತ್ರೆ ತೊಳೆಯುವುದು ಕೂಡ ಬಗ್ಗಿಯೇ. ರಾತ್ರಿ ಅವಳು ಸೊಂಟಕ್ಕೆ ಬಿಸಿನೀರು ಹುಯ್ದುಕೊಳ್ಳುವುದನ್ನು ಮದುವೆಯಾದಾಗಿನಿಂದ ನೋಡಿದ್ದೆ. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ನನ್ನ ಸೊಂಟ ಹಿಡಿದಿದ್ದು ಒಂದು ದಿನ, ಊರಿಗೆಲ್ಲ ಗೊತ್ತಾಯಿತು.

ಅಲ್ಲಿಂದ ಮುಂದೆ ನಾವಿಬ್ಬರೂ ಕೂತು ಒಂದೊಂದೇ ಕೆಲಸ ನೋಡಿ ಬದಲಿಸಿದೆವು.

ಏನೇನು ಬದಲಿಸಿದೆವು

ಕಳೆ: 2018ರಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಸೈಕಲ್ ಚಕ್ರ, ಪೈಪು, ಒಂದು ಅಲಗು ಕೊಟ್ಟು ಸೈಕಲ್ ಎಡೆಕುಂಟೆ ಮಾಡಿಸಿದೆ. ಆಗ ಬಿದ್ದ ಖರ್ಚು 1,400 ರೂಪಾಯಿ. ಹಿಡಿ ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ನನ್ನ ಎತ್ತರಕ್ಕೆ ಕೂರಿಸಿದ್ದು ಅವಳಿಗೆ ಆಗಲಿಲ್ಲ, ಭುಜ ನೋವು ಶುರುವಾಯಿತು. ಎರಡು ಬೋಲ್ಟು ಹಾಕಿಸಿ ಹಿಡಿ ಏರಿಸಿ ಇಳಿಸುವ ಹಾಗೆ ಮಾಡಿಸಿದ ಮೇಲೆ ಸರಿಹೋಯಿತು. ಇದರ ಮಿತಿಯೂ ಹೇಳಬೇಕು. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಮಾತ್ರ ಓಡುತ್ತದೆ. ಗಟ್ಟಿ ನೆಲದಲ್ಲಿ ತಳ್ಳಿದರೆ ಸೊಂಟದ ನೋವು ಹೆಗಲಿಗೆ ಬರುತ್ತದೆ. ಕಡಲೆಕಾಯಿ ಹೂವಾಗಿ ಊಡು ಇಳಿಯುವ ಕಾಲಕ್ಕೆ, ಅಂದರೆ 40-45 ದಿನದ ಮೇಲೆ, ಮಣ್ಣು ಕೆದಕಬಾರದು. ಆದ್ದರಿಂದ 20-25 ದಿನಕ್ಕೆ ಒಂದು ಸಲ, 40 ದಿನದೊಳಗೆ ಇನ್ನೊಂದು ಸಲ ಓಡಿಸಿ. ಬುಡದಲ್ಲಿ ಉಳಿದ ಕಳೆಯನ್ನಷ್ಟೇ ಕೈಯಲ್ಲಿ ಕೀಳಿ. ಬಗ್ಗುವ ಕೆಲಸ ನಮ್ಮಲ್ಲಿ ಅರ್ಧಕ್ಕಿಂತ ಕಡಿಮೆಯಾಗಿದೆ.

ಕಾಯಿ ಬಿಡಿಸುವುದು: ನೆಲದಲ್ಲಿ ಕೂತು ಒಂದೊಂದೇ ಬಿಡಿಸುವ ಬದಲು, ಸೊಂಟದೆತ್ತರದ ಚೌಕಟ್ಟು ಮಾಡಿ ನಾಲ್ಕೂ ಕಡೆ ಕಬ್ಬಿಣದ ಜಾಲರಿ ಪಟ್ಟಿ ಹೊಡೆಸಿದೆವು. ಗಿಡದ ಹಿಡಿಯನ್ನು ಅದರ ಮೇಲೆ ಎಳೆದರೆ ಕಾಯಿ ಉದುರುತ್ತವೆ. ನಾಲ್ಕು ಜನ ನಿಂತುಕೊಂಡೇ ಮಾತಾಡ್ತಾ ಕೆಲಸ ಮಾಡಬಹುದು.

ಚೀಲ: ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ. ಡಿಎಪಿ ಈಗಲೂ 50 ಕಿಲೋ. ಒಬ್ಬರೇ ನೆಲದಿಂದ ಎತ್ತುವುದನ್ನು ನಿಲ್ಲಿಸಿದೆವು. ಇಬ್ಬರು ಹಿಡೀತೀವಿ, ಇಲ್ಲವೇ ಅರ್ಧ ಮಾಡ್ತೀವಿ. ಎತ್ತುವ ಕ್ರಮ ಹೀಗೆ: ಭಾರದ ಹತ್ತಿರ ಹೋಗಿ, ಕಾಲು ಅಗಲಿಸಿ, ಮಂಡಿ ಮಡಿಸಿ, ಭಾರವನ್ನು ಹೊಟ್ಟೆಗೆ ಆನಿಸಿ, ತೊಡೆಯ ಬಲದಿಂದ ಏಳಿ. ತಿರುಗಬೇಕಾದರೆ ಸೊಂಟ ತಿರುಗಿಸಬೇಡಿ, ಪಾದ ಎತ್ತಿಟ್ಟು ಇಡೀ ಮೈ ತಿರುಗಿಸಿ.

ಸ್ಪ್ರೇ ಡಬ್ಬ: 16 ಲೀಟರ್ ತುಂಬಿದರೆ ನೀರೇ 16 ಕಿಲೋ, ಡಬ್ಬದ ತೂಕ ಬೇರೆ. ನಾವು 10 ಲೀಟರಿಗೆ ನಿಲ್ಲಿಸ್ತೀವಿ. ಎರಡು ಸಲ ಹೆಚ್ಚು ತುಂಬಬೇಕಾಗುತ್ತದೆ, ಆಗಲಿ. ನೆಲದಿಂದ ಎತ್ತಿ ಬೆನ್ನಿಗೆ ಹಾಕಬೇಡಿ. ಜಗಲಿ ಅಥವಾ ಗಾಡಿ ಮೇಲಿಟ್ಟು ಪಟ್ಟಿಗೆ ತೋಳು ತೂರಿಸಿ. ಎರಡೂ ಪಟ್ಟಿ ಒಂದೇ ಸಮ ಇರಲಿ.

ನೀರು, ಸಗಣಿ, ಹಾಲು: ಒಂದು ಕೈಯಲ್ಲಿ ದೊಡ್ಡ ಕೊಡ ಹೊರುವ ಬದಲು ಎರಡು ಕೈಗೆ ಎರಡು ಸಣ್ಣ ಕೊಡ. ಪೊರಕೆಗೆ ಬಿದಿರಿನ ಉದ್ದ ಹಿಡಿ. ಹಾಲು ಕರೆಯಲು ಕುಕ್ಕರಗಾಲು ಬಿಟ್ಟು ಒಂದಡಿ ಎತ್ತರದ ಮಣೆ.

ಕೀಲೆಣ್ಣೆ ಎಲ್ಲಿಂದ ಬರುತ್ತದೆ?

ಗಾಡಿ ಚಕ್ರಕ್ಕೆ ಕೀಲೆಣ್ಣೆ ಹಾಕುವುದು ಗಾಡಿ ನಿಲ್ಲಿಸಿ. ನಮ್ಮ ಕೀಲಿಗೆ ಎಣ್ಣೆ ಹತ್ತುವುದು ಓಡಾಡಿದಾಗ. ಕೀಲಿನೊಳಗೆ ಎಲುಬಿನ ತುದಿಗೆ ಮೆತ್ತನೆಯ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳ ಇಲ್ಲ. ಕೀಲಿನೊಳಗಿನ ಅಂಟು ದ್ರವವೇ ಅದಕ್ಕೆ ಆಹಾರ. ಕಾಲು ಮಡಿಸಿ ಬಿಚ್ಚಿದಾಗ ಒದ್ದೆ ಬಟ್ಟೆ ಹಿಂಡಿ ಬಿಟ್ಟ ಹಾಗೆ ಆ ದ್ರವ ಒಳಗೆ ಹೊರಗೆ ಹರಿಯುತ್ತದೆ. ಅಲ್ಲಾಡದೆ ಮಲಗಿದರೆ ಹೊದಿಕೆಗೂ ಪೋಷಣೆ ಕಡಿಮೆ, ಸ್ನಾಯುವೂ ಸೊರಗುತ್ತದೆ. ಹದಿನೆಂಟು ದಿನ ಮಲಗಿ ನಾನು ಕೆಟ್ಟಿದ್ದು ಹೀಗೆ. ತುಂಬಾ ನೋವಿದ್ದರೆ ಒಂದೆರಡು ದಿನ ಸುಧಾರಿಸಿಕೊಳ್ಳಿ. ಆಮೇಲೆ ನಿಧಾನಕ್ಕೆ ಓಡಾಡಿ.

ಇನ್ನೊಂದು ಮಾತು. ಸಾಮಾನ್ಯ ಸೊಂಟನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ. ಹಾಗಾಗಿ ಕೊನೆಗೆ ಏನು ಮಾಡಿದ್ದೆವೋ ಅದಕ್ಕೇ ಹೆಸರು ಬರುತ್ತದೆ, ಅದು ಒದೆತವಾದರೂ ಸರಿ!

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ, ತಿಂಗಳುಗಟ್ಟಲೆ ಉಳಿದ ಸೊಂಟನೋವಿಗೆ ಏನು ಮಾಡಬೇಕು ಅಂತ ಸೂಚನೆ ಹೊರಡಿಸಿದೆ. ಮಗಳು ಓದಿ ಹೇಳಿದಳು. ವ್ಯಾಯಾಮ ಮಾಡಿ ಅಂದಿದೆ. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ಮಾಮೂಲಿಯಾಗಿ ಕೊಡಬೇಡಿ ಅಂದಿದೆ. ನಾನು ಪಟ್ಟಿಗೆ 900 ರೂಪಾಯಿ ಕೊಟ್ಟಿದ್ದೆ. ಅದೀಗ ಗೂಟಕ್ಕೆ ನೇತಾಡುತ್ತಿದೆ.

ನಾವು ದಿನಾ ಬೆಳಿಗ್ಗೆ ಹತ್ತು ನಿಮಿಷ ಮಾಡುವುದು ಇಷ್ಟು:

1. ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಯ ಕಡೆಗೆ ಎಳೆದು ಹತ್ತು ಎಣಿಸುವುದು. ಕಾಲಿಗೆ ಐದು ಸಲ.
2. ಮಲಗಿಕೊಂಡೇ ಮಂಡಿ ಮಡಿಸಿ, ಪಾದ ಊರಿ ಸೊಂಟ ಮೇಲೆತ್ತುವುದು. ಐದು ಎಣಿಸಿ ಇಳಿಸುವುದು. ಹತ್ತು ಸಲ.
3. ಜಗಲಿ ತುದಿಯಲ್ಲಿ ಕೂತು, ಕೈ ಊರದೆ ಎದ್ದು ಕೂರುವುದು. ಹತ್ತು ಸಲ. ತೊಡೆ ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ.
4. ಹೊಲದಲ್ಲಿ ಪ್ರತಿ ಸಾಲಿನ ಕೊನೆಗೆ ನೆಟ್ಟಗೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಮೆಲ್ಲಗೆ ಹಿಂದಕ್ಕೆ ಬಾಗುವುದು. ಐದು ಸಲ.

ಮಾಡುವಾಗ ಸ್ವಲ್ಪ ಎಳೆತ ಆದರೆ ಹೆದರಬೇಡಿ. ನೋವು ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಿ. ಮಾರನೇ ದಿನಕ್ಕೂ ನೋವು ಉಳಿದರೆ ಎಣಿಕೆ ಕಡಿಮೆ ಮಾಡಿ.

ಹೊಸದಾಗಿ ಉಳುಕಿ ಬಾತಿದ್ದರೆ ಮೊದಲೆರಡು ದಿನ ತಣ್ಣೀರ ಬಟ್ಟೆ ಸಾಕು. ತಿಕ್ಕಬೇಡಿ, ನೀವಿಸಬೇಡಿ. ಹಳೇ ನೋವು, ಬಿಗಿತಕ್ಕೆ ಬಿಸಿ ಕಾವು ಒಳ್ಳೆಯದು.

ಮಂಡಿ ನೋವಿಗೆ ಕೋಲು ಹಿಡಿಯುವವರು ನೊಂದ ಕಾಲಿನ ಕಡೆಗೇ ಹಿಡೀತಾರೆ. ಅದು ತಪ್ಪು. ಬಲಮಂಡಿ ನೋವಾದರೆ ಕೋಲು ಎಡಗೈಯಲ್ಲಿರಬೇಕು. ನೊಂದ ಕಾಲು ಮುಂದಿಡುವಾಗ ಕೋಲೂ ಜೊತೆಗೇ ಮುಂದೆ ಹೋಗಬೇಕು. ನಮ್ಮ ಅಮ್ಮನಿಗೆ ಕೈ ಬದಲಿಸಿಕೊಟ್ಟ ದಿನವೇ ನಡಿಗೆ ಸುಧಾರಿಸಿತು. ಮೈ ತೂಕ ಜಾಸ್ತಿ ಇದ್ದವರು ನಾಲ್ಕು ಕಿಲೋ ಇಳಿಸಿದರೂ ಮಂಡಿಗೆ ಗೊತ್ತಾಗುತ್ತದೆ.

ರಣಹದ್ದಿನ ಕಥೆ, ಮಾತ್ರೆಯ ಕಥೆ

ನಾವು ಹುಡುಗರಾಗಿದ್ದಾಗ ಸತ್ತ ದನವನ್ನು ಊರಾಚೆ ಹಾಕಿದರೆ ರಣಹದ್ದುಗಳು ಬಂದು ತಿಂದು ಮುಗಿಸುತ್ತಿದ್ದವು. ಆಮೇಲೆ ಅವು ಕಾಣೆಯಾದವು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ಔಷಧಿ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದಿನ ಕಿಡ್ನಿ ಕೆಡಿಸುತ್ತಿತ್ತು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ನಿಷೇಧಿಸಿತು. ಉಳಿದ ಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಅದೇ ಗುಂಪಿನ ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್‌ಗಳನ್ನು 2023ರಲ್ಲಿ ದನಗಳಿಗೆ ನಿಷೇಧಿಸಿದರು.

ಈ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಮನುಷ್ಯರಿಗೆ ಕೊಡುವ ನೋವಿನ ಮಾತ್ರೆಗಳಲ್ಲೂ ಇವೆ. ಮನುಷ್ಯ ಹದ್ದಿನಷ್ಟು ಸೂಕ್ಷ್ಮ ಅಲ್ಲ. ಡಾಕ್ಟರು ಹೇಳಿದಷ್ಟು ದಿನ ಊಟದ ಮೇಲೆ ತೆಗೆದುಕೊಂಡರೆ ಉಪಯೋಗ ಇದೆ. ಆದರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ದುಡಿಯುವವರಿಗೆ ಕಿಡ್ನಿಯ ಅಪಾಯ ಇನ್ನೂ ಹೆಚ್ಚು. ಬಿಪಿ, ಸಕ್ಕರೆ, ಹೃದಯದ ಕಾಯಿಲೆ ಇದ್ದವರು ಕೇಳದೆ ಮುಟ್ಟಲೇಬಾರದು. ಹೆಸರಿಲ್ಲದ ಪೊಟ್ಟಣದ ಪುಡಿಯನ್ನು 'ನಾಟಿ ಔಷಧಿ' ಅಂತ ಮಾರುವವರಿದ್ದಾರೆ. ಒಂದೇ ದಿನದಲ್ಲಿ ನೋವು ಮಾಯ ಆದರೆ ಅನುಮಾನಪಡಿ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ.

ಕುಡಿಯುವ ನೀರಲ್ಲೂ ನೋವು

ನಮ್ಮ ತಾಲೂಕಿನಲ್ಲಿ ಇನ್ನೊಂದು ಕಾರಣ ಇದೆ, ಕೊಳವೆ ಬಾವಿಯ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದ ಕಡೆಗೂ 1.5ರ ಮೇಲೆ ಹೋಗಬಾರದು. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಎಲುಬಿನಲ್ಲಿ ಕೂತು ಕತ್ತು, ಬೆನ್ನು, ಕೀಲು ಬಿಗಿಯುತ್ತವೆ. ಕತ್ತು ತಿರುಗುವುದಿಲ್ಲ, ಬೆನ್ನು ಬಗ್ಗುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆ ಕಂಡರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಾವು ಮಳೆನೀರನ್ನು ತೊಟ್ಟಿಗೆ ಇಳಿಸಿ, ಕುಡಿಯಲು, ಅಡುಗೆಗೆ ಅದನ್ನೇ ಇಟ್ಟುಕೊಂಡಿದ್ದೀವಿ. ಮುಗಿದಾಗ ಶುದ್ಧ ನೀರಿನ ಘಟಕದಿಂದ ತರ್ತೀವಿ.

ಆಸ್ಪತ್ರೆಗೆ ಓಡಬೇಕಾದ ನೋವು

ಎಲ್ಲ ನೋವೂ ಕಾವು ಬದಲಿಸಿದರೆ ಹೋಗುವಂಥದ್ದಲ್ಲ. ಇವು ಕಂಡರೆ ತಡ ಮಾಡಬೇಡಿ:

- ಸೊಂಟನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆ ಸಂದಿಗೆ ಜೋಮು ಹಿಡಿದರೆ, ಪಾದ ಎತ್ತಲು ಆಗದಿದ್ದರೆ ಅದೇ ದಿನ ಹೋಗಿ.
- ಎದೆ, ಎಡಭುಜ, ದವಡೆ ನೋವಿನ ಜೊತೆ ಬೆವರು, ಉಬ್ಬಸ ಬಂದರೆ ಹೃದಯ ಇರಬಹುದು. ಎಣ್ಣೆ ತಿಕ್ಕುತ್ತಾ ಕೂರಬೇಡಿ.
- ಮರದಿಂದ, ಗಾಡಿಯಿಂದ ಬಿದ್ದ ಮೇಲೆ ಬಂದ ನೋವು.
- ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚುವ ಬೆನ್ನುನೋವು. ಬೆನ್ನೆಲುಬಿಗೂ ಕ್ಷಯ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಉಚಿತ.
- ಒಂದು ಕೀಲು ಬಾತು, ಕೆಂಪಾಗಿ, ಜ್ವರ ಬಂದರೆ.
- ಬೆಳಿಗ್ಗೆ ಎದ್ದಾಗ ಕೈಬೆರಳ ಕೀಲುಗಳು ಬಾತು, ಗಂಟೆಗಟ್ಟಲೆ ಬಿಗಿದಿದ್ದರೆ. ಇದು ಸಂಧಿವಾತ ಇರಬಹುದು. ಬೇಗ ಔಷಧಿ ಶುರುಮಾಡಿದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು.

ಕೊನೆಗೆ

ಈಗಲೂ ನನ್ನ ಸೊಂಟ ವರ್ಷಕ್ಕೆ ಒಂದೆರಡು ಸಲ ಹಿಡಿಯುತ್ತದೆ. ಪೂರ್ತಿ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ನಾಲ್ಕು ದಿನ ನಿಧಾನವಾಗಿ ಓಡಾಡ್ತೀನಿ, ಬಿಸಿ ಕಾವು ಕೊಡ್ತೀನಿ, ಬಿಡುತ್ತೆ. ಮನೆಯಾಕೆಯ ನೋವು ನನ್ನದಕ್ಕಿಂತ ಹಳೆಯದು, ಹಾಗಾಗಿ ನಿಧಾನಕ್ಕೆ ಇಳಿಯಿತು. ಈಗ ಅವಳು ರಾತ್ರಿ ಬಿಸಿನೀರು ಕಾಯಿಸುವುದು ಅಪರೂಪ. ನಮ್ಮಿಬ್ಬರ ಸಲಕರಣೆಗೆ ಇದುವರೆಗೆ ಆದ ಖರ್ಚು ಸುಮಾರು ನಾಲ್ಕು ಸಾವಿರ. ಆಸ್ಪತ್ರೆಯಲ್ಲಿ ನಾನು ಕಟ್ಟಿದ ಬಿಲ್ಲು ಅದರ ಹತ್ತು ಪಟ್ಟಿಗೂ ಮೇಲೆ.

ಓದುಗರಲ್ಲಿ ನನ್ನ ಕೋರಿಕೆ ಒಂದೇ. ಇವತ್ತು ಸಂಜೆ ನಿಮ್ಮ ಮನೆಯ ಸಲಕರಣೆಗಳನ್ನು ಹೊರಗೆ ತಂದು, ಅದನ್ನು ಬಳಸುವವರನ್ನೇ ಪಕ್ಕದಲ್ಲಿ ನಿಲ್ಲಿಸಿ ಕಾವು ಅಳೆಯಿರಿ. ಮೊದಲು ಹೆಂಗಸರ ಕುಡುಗೋಲು, ಪೊರಕೆ, ಆಮೇಲೆ ನಿಮ್ಮ ಗುದ್ದಲಿ. ಕಡಲೆಕಾಯಿ ಗಿಡ ಕೀಳುವುದಕ್ಕೆ ಮಾತ್ರ ಬಗ್ಗದೆ ಮಾಡುವ ಒಳ್ಳೆ ಉಪಾಯ ನನಗಿನ್ನೂ ಸಿಕ್ಕಿಲ್ಲ. ಸಣ್ಣ ಹಿಡುವಳಿಗೆ ಹೊಂದುವಂಥದ್ದನ್ನು ಯಾರಾದರೂ ಮಾಡಿಕೊಂಡಿದ್ದರೆ ಇದೇ ಪತ್ರಿಕೆಗೆ ಬರೆಯಿರಿ. ಮುಂದಿನ ಹಂಗಾಮಿಗೆ ಮೊದಲೇ ಓದಲು ಕಾಯ್ತಿರ್ತೀನಿ.